ಇಂದಿರಾನಗರದ ಜಪಾನಿ ಫ್ಯೂಷನ್ ಊಟ: ಏನು ತರಿಸಬೇಕು, ಏನು ಕೇಳಬೇಕು, ಏನು ಬಿಡಬೇಕು (ಒಂದು ಚರ್ಚೆ; ತಲೆಸಾಲುಗಳು ಬರೆದವರ ಅಡ್ಡಹೆಸರು)

ಎಚ್‌ಎಎಲ್ 2ನೇ ಹಂತ

ಇಂದಿರಾನಗರದ 100 ಅಡಿ ರಸ್ತೆ, 12ನೇ ಮೇನ್ ಸುತ್ತಮುತ್ತ ಜಪಾನಿ ಫ್ಯೂಷನ್ ಅಂತ ಬೋರ್ಡ್ ಹಾಕಿರೋ ಜಾಗಗಳು ಸಾಕಷ್ಟಿವೆ. ಐದು ಜನ ಶನಿವಾರ ರಾತ್ರಿ ಊಟಕ್ಕೆ ಹೋಗೋರಿದ್ದೇವೆ. ಇಬ್ಬರು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಮುಟ್ಟಲ್ಲ. ಒಬ್ಬರು ಮೀನು ತಿಂತಾರೆ, ಆದರೆ ಹಸಿ ಮೀನು ಅಂದರೆ ಅಳುಕು. ಉಳಿದಿಬ್ಬರಿಗೆ ಏನಾದರೂ ಆಗುತ್ತೆ.

ಬೇಕಿರೋದು ಇಷ್ಟು: ಅಡುಗೆಮನೆ ಚೆನ್ನಾಗಿದೆಯಾ ಅಂತ ಮೊದಲ ಒಂದೆರಡು ತಟ್ಟೆಯಲ್ಲೇ ತಿಳಿಯೋದು ಹೇಗೆ? ಸಸ್ಯಾಹಾರ ಅಂತ ಬರೆದಿದ್ದು ನಿಜವಾಗಿ ಸಸ್ಯಾಹಾರವಾ? ಹಸಿ ಮೀನು ಎಷ್ಟು ಸುರಕ್ಷಿತ? ದುಡ್ಡು ಯಾವುದಕ್ಕೆ ಹಾಕಿದರೆ ಸಾರ್ಥಕ? ಹೋಟೆಲ್ ಹೆಸರು ಬೇಡ, ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರೋ ವಿಷಯ ಹೇಳಿ.

ಗಾಂಧಿಬಜಾರ್ ಪಾಕಶಾಲೆ

ಮೀನಿನ ಯೋಚನೆ ಆಮೇಲೆ, ಮೊದಲು ಅನ್ನ ನೋಡಿ. ಅಡುಗೆಮನೆಯ ಶ್ರದ್ಧೆ ಅನ್ನದಲ್ಲಿ ಗೊತ್ತಾಗೋಷ್ಟು ಬೇರೆ ಯಾವುದರಲ್ಲೂ ಗೊತ್ತಾಗಲ್ಲ.

ಸುಶಿ ಅಂದರೆ ವಿನೆಗರ್ ಹಾಕಿದ ಅನ್ನದ ಜೊತೆ ಮೀನು ಅಥವಾ ತರಕಾರಿ. ಅದರ ಅನ್ನ ಬಾಯಿಗಿಟ್ಟಾಗ ಮೈಬಿಸಿಯಷ್ಟು ಬೆಚ್ಚಗಿರಬೇಕು. ತಣ್ಣಗೆ, ಗಟ್ಟಿಯಾಗಿ ಸಿಕ್ಕಿ ಅಗಿದಾಗ ಪುಡಿಪುಡಿಯಾದರೆ ಅದು ಫ್ರಿಜ್‌ನಿಂದ ಎದ್ದು ಬಂದ ಅನ್ನ. 5 ಡಿಗ್ರಿ ಆಸುಪಾಸಿನಲ್ಲಿ ಬೆಂದ ಪಿಷ್ಟ ಮತ್ತೆ ಹರಳುಗಟ್ಟುತ್ತೆ, ಮೆತ್ತಗಿದ್ದ ಅಗುಳು ಬಿಗಿಯುತ್ತೆ. ಮಧ್ಯಾಹ್ನ ಮಾಡಿದ್ದನ್ನೇ ರಾತ್ರಿವರೆಗೆ ನಡೆಸೋಕೆ ಹೀಗೆ ಮಾಡ್ತಾರೆ. ಕೇಳಿದರೆ ಸುರಕ್ಷತೆ ಅಂತಾರೆ. ಅನ್ನ ಹೊರಗಿದ್ದರೆ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬೆಳೆಯೋದು ನಿಜ. ಆದರೆ ವಿನೆಗರ್ ಸರಿಯಾಗಿ ಬಿದ್ದು ಪಿಎಚ್ 4.6ಕ್ಕಿಂತ ಕೆಳಗಿಳಿದ ಅನ್ನವನ್ನು ಮುಚ್ಚಿ ಕೆಲವು ಗಂಟೆ ಹೊರಗೇ ಇಡಬಹುದು. ಸುಶಿ ಅನ್ನವನ್ನ ಹೊರಗಿಡೋಕೆ ಆಗೋದು ಈ ಹುಳಿಯಿಂದಲೇ. ಆಗಾಗ ಸ್ವಲ್ಪ ಸ್ವಲ್ಪ ಅನ್ನ ಮಾಡೋದಕ್ಕೆ ಆಳು ಬೇಕು, ಅದು ಖರ್ಚಿನ ವಿಷಯ ಅಷ್ಟೇ.

ಅಳತೆ ಹೀಗೆ: 300 ಗ್ರಾಂ ಗಿಡ್ಡ ಕಾಳಿನ ಜಪಾನಿ ಅಕ್ಕಿಗೆ 50ರಿಂದ 60 ಮಿಲಿ ಅಕ್ಕಿ ವಿನೆಗರ್, 2 ಟೇಬಲ್ ಚಮಚ ಸಕ್ಕರೆ, 1 ಟೀ ಚಮಚ ಉಪ್ಪು. ಅನ್ನ ಬಿಸಿ ಇರುವಾಗಲೇ ಸುರಿದು, ಮರದ ಸೌಟಿನಿಂದ ಕೊಯ್ದ ಹಾಗೆ ಬೆರೆಸಬೇಕು, ಕಲಸಬಾರದು. ಕಲಸಿದರೆ ಅಗುಳು ಒಡೆದು ಅಂಟಾಗುತ್ತೆ. ಸೋನಾ ಮಸೂರಿ ಬಳಸಿದರೆ ಉಂಡೆ ನಿಲ್ಲಲ್ಲ, ಅಂಟು ಕೊಡುವ ಅಮೈಲೋಪೆಕ್ಟಿನ್ ಅದರಲ್ಲಿ ಸಾಲದು.

ಬೆಂಗಳೂರಿಗೇ ಸೇರಿದ ಇನ್ನೊಂದು ತೊಂದರೆ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಅಕ್ಕಿಯನ್ನ 30 ನಿಮಿಷ ನೆನೆಸದೆ ನೇರ ಕುಕ್ಕರಿಗೆ ಹಾಕಿದರೆ, ಅಥವಾ ಬೆಂದ ಮೇಲೆ 10–15 ನಿಮಿಷ ಮುಚ್ಚಿ ಹಬೆಯಲ್ಲಿ ಬಿಡದಿದ್ದರೆ ನಡುವೆ ಗಟ್ಟಿ ಉಳಿಯುತ್ತೆ. ಸೋಯಾ ಸಾಸ್ ಅದ್ದದೆ ಒಂದು ತುಂಡು ತಿಂದು ನೋಡಿ. ಹುಳಿ, ಸಿಹಿ, ಉಪ್ಪು ಮೂರೂ ಹಗುರವಾಗಿ ಸಿಗಬೇಕು. ಬರೀ ಸಪ್ಪೆ ಅನ್ನದ ಮೇಲೆ ಮೂರು ಬಣ್ಣದ ಸಾಸ್ ಗೀಚಿದ್ದರೆ ಮುಂದಿನ ಸುಶಿ ಆರ್ಡರ್ ನಿಲ್ಲಿಸಿ, ಬಿಸಿ ತಟ್ಟೆಗಳ ಕಡೆ ಹೋಗಿ.

ಕಡಲಮೀನು

ಹಸಿ ಮೀನಿನ ಬಗ್ಗೆ ನಾನು ಬರೆಯುತ್ತೇನೆ. ಬೆಂಗಳೂರಿಗೆ ಕಡಲಿಲ್ಲ, ಹಾಗಾಗಿ ಇಲ್ಲಿ ಹಸಿ ಮೀನು ಒಳ್ಳೆಯದಿರುವುದಿಲ್ಲ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಇದು ತಪ್ಪು ತರ್ಕ. ದೋಣಿಯಿಂದ ಈಗಷ್ಟೇ ಇಳಿದ ಮೀನನ್ನು ಹಾಗೇ ಹಸಿಯಾಗಿ ತಿನ್ನುವುದೇ ಅಪಾಯ. ಕಡಲಮೀನಿನ ಮಾಂಸದಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಅದನ್ನು ಕೊಲ್ಲಲು ಅಮೆರಿಕದ ಆಹಾರ ಇಲಾಖೆ ಹೇಳುವ ಕ್ರಮ: ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಅಲ್ಲೇ 15 ಗಂಟೆ. ಮನೆಯ ಫ್ರೀಜರ್ ಮೈನಸ್ 18ರಲ್ಲೇ ನಿಲ್ಲುತ್ತದೆ, ಅದೂ ಬಾಗಿಲು ತೆರೆದಾಗಲೆಲ್ಲ ಏರುತ್ತದೆ. ಆದ್ದರಿಂದ "ಫ್ರೋಜನ್ ಬಂದ ಮೀನಾ?" ಎಂದು ಕೇಳಿದಾಗ ಹೌದು ಎಂದರೆ ಸಂತೋಷಪಡಿ.

ಸಾಲ್ಮನ್ ಬಹುಪಾಲು ನಾರ್ವೆಯ ಸಾಕಾಣಿಕೆಯದು. ಸಾಕಿದ ಮೀನು ಸಂಸ್ಕರಿಸಿದ ಆಹಾರವನ್ನೇ ತಿನ್ನುವುದರಿಂದ ಹುಳುವಿನ ಅಪಾಯ ತೀರಾ ಕಡಿಮೆ. ಅಂದಹಾಗೆ ಜಪಾನಿನಲ್ಲೂ ಸುಶಿಗೆ ಹಸಿ ಸಾಲ್ಮನ್ ಬಳಕೆಗೆ ಬಂದದ್ದು 1980ರ ದಶಕದಲ್ಲಿ ನಾರ್ವೆಯವರು ಅಲ್ಲಿ ಮಾರುಕಟ್ಟೆ ಹುಡುಕಿಕೊಂಡು ಹೋದ ಮೇಲೆ. ಮೆನುವಿನಲ್ಲಿ ಇಂಡಿಯನ್ ಸಾಲ್ಮನ್ ಎಂದಿದ್ದರೆ ಅದು ರಾವಸ, ಬೇರೆಯೇ ಜಾತಿ. ಹುರಿಯಲು, ಗ್ರಿಲ್ ಮಾಡಲು ಸೊಗಸು, ಹಸಿಯಾಗಿ ಬೇಡ.

ಟ್ಯೂನಾ ವಿಷಯದಲ್ಲಿ ಕಣ್ಣಿಗೆ ಮೋಸವಾಗುತ್ತದೆ. ಕಲ್ಲಂಗಡಿ ಹಣ್ಣಿನ ಬಣ್ಣಕ್ಕೆ ಫಳಫಳ ಹೊಳೆಯುವ ಟ್ಯೂನಾ ಬಂದರೆ ತಾಜಾ ಎಂದುಕೊಳ್ಳಬೇಡಿ. ಕಾರ್ಬನ್ ಮಾನಾಕ್ಸೈಡ್ ಹಾಯಿಸಿದ ಮಾಂಸ ಹಳತಾದರೂ ಕಂದುಬಣ್ಣಕ್ಕೆ ತಿರುಗುವುದಿಲ್ಲ. ನಿಜವಾದ ಟ್ಯೂನಾದ ಕೆಂಪು ಗಾಢವಾಗಿ, ತುಸು ಮಂಕಾಗಿ ಇರುತ್ತದೆ. ಬಣ್ಣಕ್ಕಿಂತ ತಟ್ಟೆಯ ತಳ ನೋಡಿ. ಸಶಿಮಿಯ, ಅಂದರೆ ಅನ್ನವಿಲ್ಲದೆ ಬಡಿಸುವ ಹಸಿ ಮೀನಿನ, ಹೋಳಿನ ಕೆಳಗೆ ತಿಳಿಗೆಂಪು ನೀರು ನಿಂತಿದ್ದರೆ ಮೀನನ್ನು ಅವಸರದಲ್ಲಿ ಹೊರಗಿಟ್ಟು ಕರಗಿಸಿದ್ದಾರೆ ಎಂದರ್ಥ. ಕಾಗದದಲ್ಲಿ ಸುತ್ತಿ ಫ್ರಿಜ್‌ನೊಳಗೇ ನಿಧಾನ ಕರಗಿಸಿದ ಮೀನಿನ ಕೊಯ್ದ ಮುಖ ಒಣಗಿರುತ್ತದೆ, ಅಂಚು ಚೂಪಾಗಿರುತ್ತದೆ, ಚಾಪ್‌ಸ್ಟಿಕ್ ಕಡ್ಡಿಯಲ್ಲಿ ಎತ್ತಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ.

ಟ್ಯೂನಾ, ಬಂಗುಡೆ ಜಾತಿಯ ಮೀನುಗಳಲ್ಲಿ ಇನ್ನೊಂದು ಎಚ್ಚರ. ಹಿಡಿದ ಮೇಲೆ ಐಸ್ ತಪ್ಪಿದರೆ ಹಿಸ್ಟಮೀನ್ ಕೂಡಿಕೊಳ್ಳುತ್ತದೆ. ನಾಲಗೆಗೆ ಮೆಣಸಿನ ಚುರುಕಿನಂಥ ಅನುಭವ, ಸ್ವಲ್ಪ ಹೊತ್ತಿಗೆ ಮುಖ ಕೆಂಪೇರುವುದು, ತಲೆನೋವು. ಬೇಯಿಸಿದರೂ ಇದು ಹೋಗುವುದಿಲ್ಲ. ಖಾರ ಹಾಕದ ಮೀನು ಚುರುಗುಟ್ಟಿದರೆ ಅಲ್ಲಿಗೇ ಬಿಡಿ.

ವೈಟ್ ಟ್ಯೂನಾ ಎಂಬ ಹೆಸರಿನಲ್ಲಿ ಹಾಲಿನಷ್ಟು ಬಿಳಿಯ, ಬೆಣ್ಣೆಯಂಥ ಮೀನು ಬಂದರೆ ಅದು ಎಸ್ಕೊಲಾರ್ ಎಂಬ ಬೇರೆಯೇ ಮೀನಿರಬಹುದು. ಅದರಲ್ಲಿರುವ ಮೇಣದಂಥ ಕೊಬ್ಬು ಜೀರ್ಣವಾಗದೆ ಹೊಟ್ಟೆ ಕೆಡಿಸುತ್ತದೆ. ಜಪಾನಿನಲ್ಲಿ ಅದರ ಮಾರಾಟಕ್ಕೇ ನಿಷೇಧವಿದೆ.

ಗರ್ಭಿಣಿಯರು, ಪುಟ್ಟ ಮಕ್ಕಳು, ರೋಗನಿರೋಧಕ ಶಕ್ತಿ ತಗ್ಗಿರುವವರು ಹಸಿ ಮೀನು ತಿನ್ನಬಾರದು. ಇದರಲ್ಲಿ ರಾಜಿ ಬೇಡ.

ಎಚ್‌ಎಎಲ್ 2ನೇ ಹಂತ

ಅಳುಕು ಇರೋರಿಗೆ ಮೊದಲು ಏನು ಕೊಡೋದು? ಮತ್ತೆ ಶನಿವಾರ ಹೋಗಬೇಡಿ, ಗಲಾಟೆಯಲ್ಲಿ ಅಡುಗೆ ಕೆಡುತ್ತೆ ಅಂತಾರಲ್ಲ?

ಕಡಲಮೀನು

ಅಳುಕು ಇರುವವರಿಗೆ ನ್ಯೂ ಸ್ಟೈಲ್ ಸಶಿಮಿ ತರಿಸಿ. ತೆಳುವಾಗಿ ಕೊಯ್ದ ಮೀನಿನ ಮೇಲೆ ಶುಂಠಿ, ಪೊನ್ಜು (ಸೋಯಾ ಸಾಸ್‌ಗೆ ನಿಂಬೆಜಾತಿಯ ಹುಳಿ ಬೆರೆಸಿದ್ದು) ಹಾಕಿ, ಹೊಗೆಯಾಡುವಷ್ಟು ಕಾಯಿಸಿದ ಎಳ್ಳೆಣ್ಣೆ, ಆಲಿವ್ ಎಣ್ಣೆಯನ್ನು ಸುರಿಯುತ್ತಾರೆ. ಮೇಲ್ಪದರ ಅರೆಬೆಂದು, ಹಸಿ ವಾಸನೆ ಅಡಗುತ್ತದೆ. ಇಲ್ಲವಾದರೆ ಅಬುರಿ ನಿಗಿರಿ, ಅಂದರೆ ಅನ್ನದ ಉಂಡೆಯ ಮೇಲಿಟ್ಟು ಗ್ಯಾಸ್ ಟಾರ್ಚಿನಿಂದ ಮೇಲಷ್ಟೇ ಸುಟ್ಟ ಸಾಲ್ಮನ್. ಅಲ್ಲಿ ಗಮನಿಸಬೇಕಾದ್ದು ಗ್ಯಾಸಿನ ವಾಸನೆ. ಜ್ವಾಲೆ ಹಳದಿಯಾಗಿದ್ದಾಗ, ಅಥವಾ ನಳಿಕೆಯನ್ನು ಮೀನಿಗೆ ತೀರಾ ಹತ್ತಿರ ಹಿಡಿದಾಗ ಪೂರ್ತಿ ಉರಿಯದ ಗ್ಯಾಸ್ ಕೊಬ್ಬಿಗೆ ಅಂಟುತ್ತದೆ. ಇವೆರಡೂ ಅರೆಹಸಿಯೇ, ಹುಳುವಿನ ನಿಯಮ ಇವಕ್ಕೂ ಅನ್ವಯ.

ಶನಿವಾರದ ಮಾತು ಒಪ್ಪುವುದಿಲ್ಲ. ವ್ಯಾಪಾರ ಹೆಚ್ಚಿರುವ ದಿನ ಮೀನು ಬೇಗ ಖಾಲಿಯಾಗುತ್ತದೆ, ಹಾಗಾಗಿ ಹೊಸದಾಗಿ ಕರಗಿಸಿದ್ದು ಸಿಗುತ್ತದೆ.

ಗಾಂಧಿಬಜಾರ್ ಪಾಕಶಾಲೆ

ಮೀನಿನ ಮಟ್ಟಿಗೆ ಕಡಲಮೀನು ಅವರು ಹೇಳಿದ್ದು ಸರಿ. ಕರಿದ ತಿಂಡಿಗೆ ಅಲ್ಲ. ರಾತ್ರಿ 8.30 ಆದಮೇಲೆ ಒಂದೇ ಬಾಣಲೆಗೆ ನಾಲ್ಕು ಟೇಬಲಿನ ಟೆಂಪುರ (ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ, ಸೀಗಡಿ) ಬೀಳುತ್ತೆ, ಎಣ್ಣೆಯ ಶಾಖ ಇಳಿದು ಎಲ್ಲವೂ ಎಣ್ಣೆ ಕುಡಿಯುತ್ತೆ. ಶನಿವಾರವೇ ಆದರೆ 7 ಗಂಟೆಗೆ ಹೋಗಿ ಕೂತುಬಿಡಿ.

ಸೊಪ್ಪಿನ ಸಾರು

ಸಸ್ಯಾಹಾರದ ಬಗ್ಗೆ ಯಾರೂ ಬರೆದಿಲ್ಲ, ಅದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮೆನುವಿನಲ್ಲಿ ಹಸಿರು ಚುಕ್ಕಿ ಇದೆ ಅಂತ ಸುಮ್ಮನಾಗಬೇಡಿ. ಜಪಾನಿ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣಲ್ಲ, ನೀರಿನಲ್ಲೇ ಕರಗಿರುತ್ತೆ. ದಾಶಿ ಅನ್ನೋ ಸಾರಿನ ನೀರನ್ನು ಕೊಂಬು ಎಂಬ ಕಡಲಪಾಚಿ ಮತ್ತು ಕತ್ಸುಒಬುಶಿಯಿಂದ ಮಾಡ್ತಾರೆ. ಕತ್ಸುಒಬುಶಿ ಅಂದರೆ ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಬೊನಿಟೊ ಮೀನಿನ ತೆಳು ಹೆರೆ.

ಇದು ಎಲ್ಲೆಲ್ಲಿ ಸೇರುತ್ತೆ ನೋಡಿ. ಮಿಸೊ (ಹುದುಗಿಸಿದ ಸೋಯಾ ಕಾಳಿನ ಪೇಸ್ಟ್) ಸೂಪ್. ಟೆಂಪುರ ಅದ್ದಿಕೊಳ್ಳುವ ರಸ. ಅಗೆದಾಶಿ ತೋಫುವಿನ (ಕರಿದ ಸೋಯಾ ಪನೀರ್) ಕೆಳಗೆ ನಿಂತ ಸಾರು, ಅದರ ಮೇಲೆ ಅಲುಗಾಡುವ ಹೆರೆ. ಉದೊನ್, ಸೋಬಾ ನೂಡಲ್ಸ್‌ನ ಸಾರು. ಸೊಪ್ಪಿಗೆ ಎಳ್ಳಿನ ಮಸಾಲೆ ಕಲಸಿದ ಗೊಮಾಆಯೆಗೂ ಕೆಲವರು ಒಂದು ಚಮಚ ಹಾಕ್ತಾರೆ. ಕೆಲವು ಮಿಸೊ ಡಬ್ಬಿಗಳಲ್ಲಿ ದಾಶಿ ಮೊದಲೇ ಬೆರೆತು ಬರುತ್ತೆ, ಅಂದರೆ ಬದನೆಕಾಯಿಗೆ ಮಿಸೊ ಸವರಿ ಸುಟ್ಟ ನಾಸು ದೆಂಗಾಕು ಕೂಡ ಅನುಮಾನವೇ. ಅನ್ನದ ಮೇಲೆ ಉದುರಿಸುವ ಫುರಿಕಾಕೆಯಲ್ಲಿ ಬೊನಿಟೊ ಪುಡಿ, ಕಿಮ್ಚಿಯಲ್ಲಿ ಸೀಗಡಿ ಅಥವಾ ಮೀನಿನ ಸಾಸ್, ಅಣಬೆ ಹುರಿದದ್ದರಲ್ಲಿ ಆಯ್ಸ್ಟರ್ (ಸಿಂಪಿ) ಸಾಸ್. ಸಸ್ಯಾಹಾರಿ ರೋಲಿನ (ಕಡಲಪಾಚಿ ಹಾಳೆಯಲ್ಲಿ ಸುತ್ತಿದ ಅನ್ನ) ಮೇಲೆ ಕಿತ್ತಳೆ ಬಣ್ಣದ ಸಣ್ಣ ಮಣಿ ಇದ್ದರೆ ಅದು ತೊಬಿಕೊ, ಮೀನಿನ ಮೊಟ್ಟೆ. ಮೇಯೊನೀಸ್ ಜಪಾನಿ ಬ್ರಾಂಡಿನದಾದರೆ ಅದರಲ್ಲಿ ಮೊಟ್ಟೆಯ ಹಳದಿ ಇರುತ್ತೆ. ಟೆಂಪುರ ಹಿಟ್ಟಿಗೂ ಮೊಟ್ಟೆ ಹಾಕೋದು ವಾಡಿಕೆ.

"ಇದು ವೆಜ್ಜಾ?" ಅಂತ ಕೇಳಿದರೆ ವೇಟರ್ ಹೌದು ಅಂತಲೇ ಹೇಳ್ತಾರೆ, ಅವರ ತಪ್ಪಲ್ಲ, ತಟ್ಟೆಯಲ್ಲಿ ತುಂಡು ಕಾಣ್ತಿಲ್ಲವಲ್ಲ. ಹೀಗೆ ಕೇಳಿ: ಸಸ್ಯಾಹಾರಿಗಳಿಗೆ ಬೇರೆ ದಾಶಿ ಮಾಡ್ತೀರಾ, ಯಾವುದರಿಂದ? ತರಕಾರಿ ಟೆಂಪುರ ಮತ್ತು ಸೀಗಡಿ ಒಂದೇ ಎಣ್ಣೆಯಲ್ಲಾ? ಹಿಟ್ಟಿಗೆ ಮೊಟ್ಟೆ ಇದೆಯಾ? ಗ್ರಿಲ್‌ನ ಕಂಬಿ ಬೇರೆ ಇದೆಯಾ? ಟೇಬಲ್ ಬುಕ್ ಮಾಡುವಾಗಲೇ, ಮಧ್ಯಾಹ್ನ 4ರಿಂದ 6ರೊಳಗೆ ಫೋನ್ ಮಾಡಿ ಅಡುಗೆಮನೆಯವರನ್ನೇ ಕೇಳಿ. ಆಗ ಊಟದ ಗಡಿಬಿಡಿ ಇರಲ್ಲ, ಬೇಕಾದರೆ ಬೇರೆ ದಾಶಿ ನೆನೆಹಾಕೋಕೆ ಸಮಯವೂ ಇರುತ್ತೆ.

ಸಸ್ಯಾಹಾರಿ ದಾಶಿ ಅಂದರೆ ಏನೋ ಕಮ್ಮಿ ಅಂತ ತಿಳಿಯಬೇಡಿ. 1 ಲೀಟರ್ ನೀರಿಗೆ 10 ಗ್ರಾಂ ಕೊಂಬು, ನಾಲ್ಕೈದು ಒಣ ಶಿಟಾಕೆ ಅಣಬೆ ಹಾಕಿ ಫ್ರಿಜ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನಿಧಾನ ಕಾಯಿಸಿ ಕುದಿ ಬರೋ ಮುಂಚೆ ಕೊಂಬು ತೆಗೆದರೆ ಆಯಿತು. ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತೆ. ಕಿಕುನಾಯೆ ಇಕೆದಾ 1908ರಲ್ಲಿ ಗ್ಲುಟಮೇಟ್ ರುಚಿಯನ್ನು ಗುರುತಿಸಿದ್ದೇ ಕೊಂಬುವಿನಿಂದ. ಒಣ ಶಿಟಾಕೆಯಲ್ಲಿರುವ ಗ್ವಾನಿಲೇಟ್ ಆ ರುಚಿಯನ್ನು ಇನ್ನೂ ಎಬ್ಬಿಸುತ್ತೆ. ಜಪಾನಿನ ಬೌದ್ಧ ಮಠಗಳ ಊಟ ನಡೆಯೋದು ಇಂಥ ದಾಶಿಯ ಮೇಲೆಯೇ. ಇಷ್ಟು ಕಡಿಮೆ ಕೆಲಸದ ಸಾರನ್ನೂ ಇಟ್ಟುಕೊಳ್ಳದ ಅಡುಗೆಮನೆ, ಅದೂ ಬೆಂಗಳೂರಿನಲ್ಲಿ, ಸಸ್ಯಾಹಾರಿಗಳನ್ನು ಗಂಭೀರವಾಗಿ ತಗೊಂಡಿಲ್ಲ ಅಂತಲೇ ನನ್ನ ಅಭಿಪ್ರಾಯ.

ಗೋಧಿ ಆಗದವರಿಗೆ ಒಂದು ಮಾತು: ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇದೆ. ಗೋಧಿ ಹಾಕದ ತಮಾರಿ ಅನ್ನೋ ಸೋಯಾ ಸಾಸ್ ಇದೆಯಾ ಕೇಳಿ. ಮದ್ಯ ಬೇಡದವರು ಮಿರಿನ್, ಸಾಕೆ (ಅಕ್ಕಿಯ ಮದ್ಯ) ಹಾಕಿದ ಸಾಸ್ ಯಾವುದು ಅಂತ ಕೇಳಿ, ಅದನ್ನು ತರಿಸಬೇಡಿ.

ಹಲಸೂರು ಕೆರೆ

ಫ್ಯೂಷನ್ ಅಂದರೆ ಕಲಬೆರಕೆ ಅಂತ ಬೈಯೋರು ತುಂಬ ಜನ ಇದ್ದಾರೆ. ನಾನು ಅವರ ಪರ ಇಲ್ಲ. 1899ರಲ್ಲಿ ಸಕುರಾ ಮಾರು ಹಡಗಿನಲ್ಲಿ ಜಪಾನಿ ಕೂಲಿಯಾಳುಗಳು ಪೆರು ದೇಶಕ್ಕೆ ಹೋದರು. ಅಲ್ಲಿನ ನಿಂಬೆ, ಮೆಣಸಿನಕಾಯಿ, ಕಡಲಮೀನು ಸೇರಿ ನಿಕ್ಕೈ ಅನ್ನೋ ಅಡುಗೆ ಬೆಳೆಯಿತು. ಪೆರುವಿನ ಲಿಮಾದಲ್ಲಿ ಕೆಲಸ ಮಾಡಿದ ಜಪಾನಿ ಬಾಣಸಿಗ ನೊಬು ಮತ್ಸುಹಿಸಾ 1987ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ತನ್ನ ರೆಸ್ಟೋರೆಂಟ್ ತೆರೆದರು, ಇವತ್ತು 12ನೇ ಮೇನ್‌ನಲ್ಲಿ ಸಿಗೋ ಹಲಪೆನ್ಯೊ (ಮೆಕ್ಸಿಕೊದ ಮೆಣಸಿನಕಾಯಿ) ಹಾಕಿದ ಹಮಾಚಿ ಮೀನು, ಮಿಸೊ ಸವರಿ ಸುಟ್ಟ ಬ್ಲ್ಯಾಕ್ ಕಾಡ್ ಮೀನು ಎಲ್ಲ ಅವರು ಜನಪ್ರಿಯ ಮಾಡಿದ್ದು. ನಮಗೂ ಇದರಲ್ಲಿ ಪಾಲಿದೆ. ಟೋಕಿಯೊದ ನಕಮುರಾಯಾ ಅಂಗಡಿಯಲ್ಲಿ 1927ರಿಂದ ಬಡಿಸುತ್ತಿರುವ ಭಾರತೀಯ ಕರಿ ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸ್ ಕಲಿಸಿಕೊಟ್ಟದ್ದು. ಟೆಂಪುರವೇ ಪೋರ್ಚುಗೀಸರಿಂದ ಬಂದದ್ದು ಅಂದ ಮೇಲೆ ಶುದ್ಧ ಜಪಾನಿ ಅನ್ನೋ ವಾದಕ್ಕೆ ತಳ ಇಲ್ಲ.

ಹಾಗಾದರೆ ಒಳ್ಳೆ ಫ್ಯೂಷನ್ ಯಾವುದು? ಹೊರಗಿನಿಂದ ತಂದ ಸಾಮಗ್ರಿ ತಟ್ಟೆಯಲ್ಲಿ ಒಂದು ಕೆಲಸ ಮಾಡಬೇಕು. ಹಮಾಚಿ ಕೊಬ್ಬಿನ ಮೀನು, ಹಲಪೆನ್ಯೊ ಮತ್ತು ಹುಳಿ ಆ ಕೊಬ್ಬನ್ನು ಕತ್ತರಿಸುತ್ತೆ, ಆದ್ದರಿಂದ ಅದು ಗೆದ್ದಿತು. ಅದೇ ಹಲಪೆನ್ಯೊವನ್ನ ಸಪ್ಪೆ ಬಾಸಾ ಮೀನಿನ ಮೇಲಿಟ್ಟರೆ ಖಾರ ಮಾತ್ರ ಉಳಿಯುತ್ತೆ. ಯುಜು ಅನ್ನೋ ನಿಂಬೆಜಾತಿಯ ಜಪಾನಿ ಹಣ್ಣು ಇಲ್ಲಿ ಬಾಟಲಿಯ ರಸವಾಗಿ ಬರುತ್ತೆ, ಪರಿಮಳ ಅರ್ಧ ಹೋಗಿರುತ್ತೆ. ಅದರ ಬದಲು ಹೇರಳೆಕಾಯಿ ಸಿಪ್ಪೆಯನ್ನ ಅಲ್ಲೇ ತುರಿದು ಪೊನ್ಜುವಿಗೆ ಹಾಕಿದರೆ ಹೆಚ್ಚು ಜೀವ ಬರುತ್ತೆ. ಇಂಥ ಬುದ್ಧಿ ಓಡಿಸುವ ಬಾಣಸಿಗರಿಗೆ ಮೆಚ್ಚುಗೆ ಸಲ್ಲಬೇಕು.

ಟ್ರಫಲ್ ಎಣ್ಣೆ ಮಾತ್ರ ಬೇಡ. ಬಹುಪಾಲು ಬಾಟಲಿಗಳಲ್ಲಿ ಟ್ರಫಲ್ ಅಣಬೆಯೇ ಇರಲ್ಲ, ಪ್ರಯೋಗಾಲಯದಲ್ಲಿ ಮಾಡಿದ ಒಂದು ಗಂಧಕದ ಸುವಾಸನೆಯನ್ನ ಎಣ್ಣೆಗೆ ಬೆರೆಸಿರ್ತಾರೆ. ಎರಡು ಹನಿ ಬಿದ್ದರೆ ಮೀನು, ಅನ್ನ, ನೋರಿ (ರೋಲಿನ ಕಡಲಪಾಚಿ ಹಾಳೆ) ಮೂರೂ ಮಾಯ. ಮೆನುವಿನಲ್ಲಿ ಟ್ರಫಲ್, ಸ್ಪೈಸಿ ಮೇಯೊ, ಕ್ರೀಮ್ ಚೀಸ್ ಈ ಮೂರು ಪದ ಪುಟಕ್ಕೊಂದು ಸಲ ಬಂದರೆ ಎಲ್ಲ ರೋಲಿನ ರುಚಿಯೂ ಒಂದೇ ಅಂತ ತಿಳ್ಕೊಳ್ಳಿ.

ಗಾಂಧಿಬಜಾರ್ ಪಾಕಶಾಲೆ

ಮಿಸೊ ಬ್ಲ್ಯಾಕ್ ಕಾಡ್ ವಿಷಯ ಬಂತಲ್ಲ, ಅದನ್ನ ಬಿಡಿಸಿ ಹೇಳ್ತೀನಿ, ಮೆನುವಿನ ದುಬಾರಿ ಸಾಲುಗಳಲ್ಲಿ ಅದೂ ಒಂದು. ಬಿಳಿ ಮಿಸೊ, ಮಿರಿನ್, ಸಾಕೆ, ಸಕ್ಕರೆ ಸೇರಿಸಿ ಮೀನನ್ನು ಎರಡು–ಮೂರು ದಿನ ಅದರಲ್ಲಿ ಇಡ್ತಾರೆ. ಮಿಸೊದ ಉಪ್ಪು ಮೀನಿನ ನೀರನ್ನ ಎಳೆದು ಮಾಂಸ ಬಿಗಿಯಾಗುತ್ತೆ, ಸಕ್ಕರೆ ಗ್ರಿಲ್‌ನಲ್ಲಿ ಕಂದುಬಣ್ಣಕ್ಕೆ ತಿರುಗುತ್ತೆ. ಬ್ಲ್ಯಾಕ್ ಕಾಡ್‌ನಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಹೊರಗೆ ಕಪ್ಪಾಗುವಷ್ಟು ಸುಟ್ಟರೂ ಒಳಗೆ ರಸ ಉಳಿಯುತ್ತೆ. ಬಾಸಾದಲ್ಲಿ ಇರೋದು ನೀರು. ಮಿಸೊ ಸೀದುಹೋಗುತ್ತೆ, ಮೀನು ಮಾತ್ರ ಮೆತ್ತಗೆ ನೀರುನೀರಾಗಿ ಉಳಿಯುತ್ತೆ. ಮಿಸೊ ಕಾಡ್ ಅಂತ ಬರೀ ಅಷ್ಟೇ ಬರೆದಿದ್ದರೆ ಯಾವ ಮೀನು ಕೇಳಿ. ಬಾಸಾ ಅಂದರೆ ಅಷ್ಟು ದುಡ್ಡು ಕೊಡಬೇಡಿ, ಮಿಸೊ ಹಾಕಿದ ಅಂಜಲ್ ಇದ್ದರೆ ಅದನ್ನ ತಗೊಳ್ಳಿ. ತಟ್ಟೆಗೆ ಬಂದಾಗ ಅಂಚಿನಲ್ಲಿ ಕಪ್ಪು ಪುಡಿ ಕಂಡು ಕಹಿ ಬಂದರೆ ಸುಡುವ ಮುಂಚೆ ಮಿಸೊ ಒರೆಸಿಲ್ಲ ಅಂತ.

ಟೆಂಪುರಕ್ಕೆ ಬಜ್ಜಿ ಹಿಟ್ಟಿನ ಹಾಗೆ ಗಂಟಿಲ್ಲದೆ ಕಲಸಬಾರದು, ವ್ಯತ್ಯಾಸ ಇರೋದೇ ಅಲ್ಲಿ. ಐಸ್ ನೀರು ಮತ್ತು ಮೈದಾ ಹೆಚ್ಚುಕಮ್ಮಿ ಸಮ ಅಳತೆ, ಕಡ್ಡಿಯಿಂದ ಹತ್ತು–ಹನ್ನೆರಡು ಸಲ ತಿರುವಿ ನಿಲ್ಲಿಸಬೇಕು. ಗಂಟು ಉಳಿದರೆ ಒಳ್ಳೆಯದು. ಜಾಸ್ತಿ ಕಲಸಿದರೆ ಗ್ಲೂಟನ್ ಎಳೆಗಟ್ಟಿ ಹೊದಿಕೆ ರಬ್ಬರಾಗುತ್ತೆ. ಮೊಟ್ಟೆ ಬೇಡದವರಿಗೆ ತಣ್ಣನೆ ಸೋಡಾ, ಒಂದಿಷ್ಟು ಕಾರ್ನ್‌ಫ್ಲೋರ್ ಸೇರಿಸಿ ಮಾಡಬಹುದು, ಮೊದಲೇ ಹೇಳಿದರೆ ಮಾಡಿಕೊಡ್ತಾರೆ. ತರಕಾರಿಗೆ ಎಣ್ಣೆ 160–170 ಡಿಗ್ರಿ, ಸೀಗಡಿಗೆ 180. ಟೇಬಲಿಗೆ ಬಂದ ಐದು ನಿಮಿಷದಲ್ಲಿ ಮುಗಿಸಿ, ಹರಟೆ ಹೊಡೀತಾ ಕೂತರೆ ಒಳಗಿನ ಹಬೆ ಹೊದಿಕೆಯನ್ನ ಮೆತ್ತಗೆ ಮಾಡುತ್ತೆ. ಕುಂಬಳ, ಗೆಣಸು, ಬದನೆ, ಶಿಟಾಕೆ ಚೆನ್ನಾಗಿ ಬರುತ್ತೆ. ಹೂಕೋಸು ಇಟ್ಟಿದ್ದರೆ ನೀರು ಬಿಟ್ಟು ಬೇಗ ಸೋಲುತ್ತೆ.

ಎಚ್‌ಎಎಲ್ 2ನೇ ಹಂತ

ಬಹಳ ಉಪಯೋಗವಾಯ್ತು. ಐದು ಜನಕ್ಕೆ ಎಷ್ಟು ತರಿಸೋದು, ಯಾವ ಕ್ರಮದಲ್ಲಿ? ವಸಾಬಿಯನ್ನ ಸೋಯಾ ಸಾಸ್‌ನಲ್ಲಿ ಕಲಸಬಾರದು ಅಂತಾರೆ, ನಿಜವಾ?

ಹಲಸೂರು ಕೆರೆ

ಎಲ್ಲ ಒಟ್ಟಿಗೆ ಹೇಳಬೇಡಿ. ಹೇಳಿದರೆ ತಣ್ಣಗಿನ ಸುಶಿ, ಬಿಸಿ ಟೆಂಪುರ, ಗ್ರಿಲ್ ಎಲ್ಲ ಒಂದೇ ಸಲ ಬಂದು ಟೇಬಲ್ ತುಂಬುತ್ತೆ, ಬಿಸಿಯದು ಆರುತ್ತೆ. ಮೂರು ಕಂತಿನಲ್ಲಿ ತರಿಸಿ. ಹಗುರವಾದದ್ದು ಮೊದಲು, ಮಿಸೊ ಮತ್ತು ಸಿಹಿ ಸಾಸ್‌ನ ಭಾರದ್ದು ಕೊನೆಗೆ.

ಮೊದಲ ಕಂತು: ಎದಮಾಮೆ (ಬೇಯಿಸಿದ ಹಸಿ ಸೋಯಾ ಕಾಯಿ) ಒಂದು, ಸಶಿಮಿ ಆರು ತುಂಡು, ಅಳುಕಿನವರಿಗೆ ನ್ಯೂ ಸ್ಟೈಲ್, ಸಸ್ಯಾಹಾರಿಗಳಿಗೆ ತಣ್ಣನೆ ತೋಫು, ಬೊನಿಟೊ ಹಾಕದೆ. ಎರಡನೆಯದು: ನಿಗಿರಿ ಒಂದು ಜೋಡಿ, ಅನ್ನ ಪರೀಕ್ಷೆಗೆ ಅಷ್ಟು ಸಾಕು. ಅನ್ನ ಚೆನ್ನಾಗಿದ್ದರೆ ಮೀನಿನ ರೋಲ್ ಒಂದು, ಆವಕಾಡೊ ಅಥವಾ ಸೌತೆಕಾಯಿ ರೋಲ್ ಒಂದು. ಒಂದು ರೋಲಿನ ಎಂಟು ತುಂಡಿಗೆ 100ರಿಂದ 120 ಗ್ರಾಂ ಅನ್ನ ಹೋಗುತ್ತೆ, ಮೇಲೆ ಇನ್ನೊಂದೆರಡು ಹೇಳಿದರೆ ಹೊಟ್ಟೆ ತುಂಬಿ ಗ್ರಿಲ್‌ಗೆ ಜಾಗ ಇರಲ್ಲ. ಜೊತೆಗೆ ಟೆಂಪುರ, ಎರಡು ಬಗೆಯದನ್ನೂ ಬೇರೆ ಬೇರೆ ತಟ್ಟೆಯಲ್ಲಿ. ಮೂರನೆಯದು: ರೊಬಾತಾ (ಇದ್ದಿಲು) ಗ್ರಿಲ್‌ನಿಂದ ಒಂದು ಮೀನು ಅಥವಾ ಕೋಳಿ, ಅಣಬೆ ಕಡ್ಡಿ, ನಾಸು ದೆಂಗಾಕು. ಆಮೇಲೂ ಹಸಿವಿದ್ದರೆ ಎಲ್ಲರಿಗೂ ಸೇರಿ ಒಂದು ಉದೊನ್. ತೆಮಾಕಿ, ಅಂದರೆ ಕೈಯಲ್ಲಿ ಹಿಡಿಯುವ ಶಂಕುವಿನಾಕಾರದ ರೋಲ್, ಹೇಳಿದರೆ ಬಂದ ತಕ್ಷಣ ತಿನ್ನಿ. ಮಳೆಗಾಲದಲ್ಲಂತೂ ನೋರಿ ನೋಡನೋಡುತ್ತ ತೇವ ಹೀರಿ ಹರಿಯದಷ್ಟು ನಾರಾಗುತ್ತೆ.

ವಸಾಬಿ ಬಗ್ಗೆ: ಇಲ್ಲಿ ಬರೋದು ಬಹುತೇಕ ಹಾರ್ಸ್‌ರಾಡಿಶ್ ಬೇರು, ಸಾಸಿವೆ, ಹಸಿರು ಬಣ್ಣದ ಪೇಸ್ಟ್. ನಿಜವಾದ ಬೇರನ್ನು ತುರಿದರೆ ಘಾಟು ಕಾಲು ಗಂಟೆಯಲ್ಲಿ ಇಳಿಯುತ್ತೆ, ಅದಕ್ಕೆ ಅಲ್ಲೇ ತುರಿದು ಕೊಡ್ತಾರೆ. ಪೇಸ್ಟನ್ನ ಸಾಸಿಗೆ ಕಲಸಿದರೆ ಪಾಪವೇನಿಲ್ಲ, ಆದರೆ ಎರಡರ ರುಚಿಯೂ ಮಬ್ಬಾಗುತ್ತೆ. ಮೀನಿನ ಮೇಲೆ ಚೂರು ಹಚ್ಚಿ, ನಿಗಿರಿಯನ್ನ ಓರೆ ಮಾಡಿ ಮೀನಿನ ಕಡೆಯನ್ನ ಮಾತ್ರ ಸಾಸಿಗೆ ಮುಟ್ಟಿಸಿ. ಅನ್ನದ ಕಡೆ ಅದ್ದಿದರೆ ಉಪ್ಪು ಹೀರಿ ಉದುರುತ್ತೆ. ನಿಗಿರಿಯನ್ನ ಕೈಯಲ್ಲೇ ತಿನ್ನಬಹುದು, ಜಪಾನಿನಲ್ಲೂ ತಿಂತಾರೆ. ಉಪ್ಪಿನಕಾಯಿ ಶುಂಠಿ ಎರಡು ತುಂಡಿನ ನಡುವೆ ಬಾಯಿ ತೊಳೆಯೋಕೆ, ಸುಶಿ ಮೇಲೆ ಹೊದಿಸೋಕಲ್ಲ. ಕಡ್ಡಿಗಳನ್ನ ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಅವರ ಸಾವಿನ ಮನೆಯ ಕ್ರಮ.

ಸಾಧ್ಯವಾದರೆ ಇಬ್ಬರು ಕೌಂಟರಿನಲ್ಲಿ ಕೂರಿ. ಅನ್ನದ ಡಬ್ಬಿ ಎಲ್ಲಿಂದ ಬರುತ್ತೆ, ಮೀನು ಕೊಯ್ದ ಹಲಗೆಯನ್ನ ಒರೆಸ್ತಾರಾ, ಸಸ್ಯಾಹಾರಿ ರೋಲಿಗೆ ಚಾಕು ಬದಲಾಗುತ್ತಾ, ಎಲ್ಲ ಕಣ್ಣೆದುರೇ ಇರುತ್ತೆ.

ಲೆಕ್ಕಪತ್ರ

ಬಿಲ್ ಬಗ್ಗೆ ಎರಡು ಮಾತು. ಬೀದಿಬದಿಯ ಸ್ವತಂತ್ರ ರೆಸ್ಟೋರೆಂಟಿಗೆ ಜಿಎಸ್‌ಟಿ 5%. ದಿನಕ್ಕೆ 7,500 ರೂಪಾಯಿ ದಾಟುವ ರೂಮುಗಳಿರುವ ಸ್ಟಾರ್ ಹೋಟೆಲಿನೊಳಗಾದರೆ 18%. ಮದ್ಯ ಜಿಎಸ್‌ಟಿಯ ಹೊರಗಿದೆ, ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರಬೇಕು.

ಸೇವಾ ಶುಲ್ಕ ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. 8,000 ರೂಪಾಯಿ ಊಟಕ್ಕೆ 10% ಸೇರಿಸಿದರೆ 8,800, ಅದರ ಮೇಲೆ 5% ಜಿಎಸ್‌ಟಿ ಕೂಡಿ 9,240. ಶುಲ್ಕ ತೆಗೆದರೆ 8,400. ವ್ಯತ್ಯಾಸ 840. ತೆಗೆಯಲು ಸಮಾಧಾನವಾಗಿ ಕೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಸೇವೆ ಚೆನ್ನಾಗಿದ್ದರೆ ಆ ದುಡ್ಡನ್ನು ಬಡಿಸಿದವರ ಕೈಗೇ ಕೊಡುವುದು ಒಳ್ಳೆಯದು.

ಗಾಡಿ ಒಯ್ಯಬೇಡಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ಬಂದು ಇಂದಿರಾನಗರ ನಿಲ್ದಾಣದಲ್ಲಿ ಇಳಿದರೆ 100 ಅಡಿ ರಸ್ತೆ ಪಕ್ಕದಲ್ಲೇ ಇದೆ.

ಕಡಲಮೀನು

ಋತುವಿನ ಮಾತು ಬಿಟ್ಟುಹೋಗಿತ್ತು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಜೂನ್ ಮೊದಲ ಎರಡು ವಾರ ಎರಡೂ ಕಡೆ ದೊಡ್ಡ ದೋಣಿಗಳು ದಡದಲ್ಲೇ. ಆ ದಿನಗಳಲ್ಲಿ ಇವತ್ತಿನ ಅಂಜಲ್, ಇವತ್ತಿನ ಬೊಂಡಾಸ್ (ಸ್ಕ್ವಿಡ್) ಎಂದು ಹಲಗೆಯ ಮೇಲೆ ಬರೆದಿದ್ದರೆ ಎಲ್ಲಿಂದ ಬಂತು ಎಂದು ವಿಚಾರಿಸಿ. ಸಾಲ್ಮನ್, ಹಮಾಚಿ ಹೊರದೇಶದ್ದು, ಅವಕ್ಕೆ ಇದರ ಬಾಧೆ ಇಲ್ಲ.

ಎಚ್‌ಎಎಲ್ 2ನೇ ಹಂತ

ಎಲ್ಲರಿಗೂ ಧನ್ಯವಾದ. 7 ಗಂಟೆಗೆ ಬುಕ್ ಮಾಡಿ, ದಾಶಿ ಬಗ್ಗೆ ಕೇಳಿದೆ. ಕೊಂಬು–ಶಿಟಾಕೆ ಸಾರು ಬೇರೆ ಮಾಡ್ತಾರಂತೆ, ಎಣ್ಣೆ ಮಾತ್ರ ಒಂದೇ ಅಂದರು. ಉಳಿದದ್ದನ್ನ ಪಾರ್ಸಲ್ ಕಟ್ಟಿಸಬಹುದಾ?

ಸೊಪ್ಪಿನ ಸಾರು

ಎಣ್ಣೆ ಒಂದೇ ಅಂದರೆ ಆ ಇಬ್ಬರಿಗೆ ಟೆಂಪುರ ಬಿಡಿ, ತರಕಾರಿ ತುಂಬಿದ ಗ್ಯೋಜಾ (ಮೋಮೊ ಥರದ ಕಡುಬು) ತರಿಸಿ. ಅದನ್ನ ಕಾವಲಿಯ ಮೇಲೆ ತಳ ಕೆಂಪಗೆ ಮಾಡಿ, ನೀರು ಹಾಕಿ ಮುಚ್ಚಿ ಬೇಯಿಸ್ತಾರೆ, ಸಾಮಾನ್ಯವಾಗಿ ಬಾಣಲೆಗೆ ಹೋಗಲ್ಲ. ಕಾವಲಿಯಲ್ಲಿ ಮೊದಲು ಮಾಂಸದ ಗ್ಯೋಜಾ ಮಾಡಿದ್ದರೆ ತೊಳೆದು ಮಾಡಿ ಅಂತ ಹೇಳಿ.

ಗಾಂಧಿಬಜಾರ್ ಪಾಕಶಾಲೆ

ಪಾರ್ಸಲ್‌ಗೆ ಹಸಿ ಮೀನು ಬೇಡವೇ ಬೇಡ, ಅದನ್ನ ಅಲ್ಲೇ ಮುಗಿಸಿ. ಟೆಂಪುರ ಡಬ್ಬಿಯೊಳಗೆ ಬೆವರಿ ಕೆಡುತ್ತೆ. ಸೌತೆಕಾಯಿ ರೋಲ್ ಆದರೆ ಫ್ರಿಜ್‌ಗೆ ಹಾಕದೆ ಅದೇ ರಾತ್ರಿ ತಿನ್ನಿ. ಉದೊನ್ ಉಳಿದರೆ ಸಾರು ಬೇರೆ, ಎಳೆ ಬೇರೆ ಕಟ್ಟಿಸಿ, ಇಲ್ಲದಿದ್ದರೆ ಮನೆ ಮುಟ್ಟೋದರೊಳಗೆ ಎಳೆ ಸಾರೆಲ್ಲ ಕುಡಿದು ಊದಿಕೊಂಡಿರುತ್ತೆ. ನಾಸು ದೆಂಗಾಕು ಧಾರಾಳವಾಗಿ ಕಟ್ಟಿಸಿ, ಮರುದಿನ ಕಾವಲಿ ಮೇಲೆ ಬಿಸಿ ಮಾಡಿದರೆ ಹಾಗೇ ಬರುತ್ತೆ.